ಕೂರಲಾಗದ ದಿನಗಳು

ನನಗೆ ಬಂದದ್ದು ಜೀವ ತೆಗೆಯುವ ಕಾಯಿಲೆಯಲ್ಲ. ಓದುವವರು ಗಾಬರಿಯಾಗದಿರಲಿ ಎಂದು ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬಂದ ಜಾಗ ಎಂಥದೆಂದರೆ, ಬೇರೆಯವರಿಗೆ ಹೇಳುವುದಿರಲಿ, ನನಗೆ ನಾನೇ ಹೇಳಿಕೊಳ್ಳಲು ಒಂದು ಪದ ಇರಲಿಲ್ಲ. ಕೈಗೆ ಬಂದಿದ್ದರೆ ಕೈ ಎನ್ನುತ್ತಿದ್ದೆ, ಹೊಟ್ಟೆಗೆ ಬಂದಿದ್ದರೆ ಹೊಟ್ಟೆ ಎನ್ನುತ್ತಿದ್ದೆ. ಇದಕ್ಕೆ ‘ಅಲ್ಲಿ’ ಎಂದು ಹೇಳಿ ತಲೆ ತಗ್ಗಿಸಬೇಕಿತ್ತು.

ನಮ್ಮ ಮನೆ ಕನಕಪುರದಲ್ಲಿ. ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಗಾಡಿಗಳಿಗೆ ಹಾಕುವ ವೈರಿನ ಕಟ್ಟುಗಳು ನನ್ನ ಮುಂದೆ ಬರುತ್ತವೆ. ಎತ್ತರದ ಸ್ಟೂಲಿನ ಮೇಲೆ ಕೂತು, ಒಂದೊಂದನ್ನೂ ಎಳೆದು ನೋಡಿ, ಸರಿಯಿದ್ದರೆ ಮುಂದಕ್ಕೆ ಕಳಿಸಬೇಕು. ಅಂದರೆ ದಿನವಿಡೀ ಕೂರುವ ಕೆಲಸ. ನನ್ನ ಗಂಡ ನಾಗೇಶ್ ಲಾರಿ ಓಡಿಸುತ್ತಾರೆ. ಅದೇ ಹಾರೋಹಳ್ಳಿಯಿಂದ ಸರಕು ತುಂಬಿಕೊಂಡು ಚೆನ್ನೈ, ಕೊಯಮತ್ತೂರು ಕಡೆಗೆ ಹೋದರೆ ಬರುವುದು ಎರಡು ಮೂರು ದಿನಕ್ಕೆ. ಮನೆಯಲ್ಲಿ ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಮತ್ತೆ ನಮ್ಮತ್ತೆ ಚಿಕ್ಕತಾಯಮ್ಮ. ಅತ್ತೆ ಬೈರಾಪಟ್ಟಣದಲ್ಲಿ ಹೊಲ ಗೇಯ್ದುಕೊಂಡಿದ್ದವರು. ಮಂಡಿ ನೋವು ಹೆಚ್ಚಾದ ಮೇಲೆ ನಮ್ಮ ಜೊತೆಗೇ ಬಂದಿದ್ದಾರೆ.

ಸ್ನಾನ ಮಾಡುವಾಗ ಎಡಗಡೆ ಒಂದು ಸಣ್ಣ ಗಂಟು ಕೈಗೆ ತಾಗುತ್ತಿತ್ತು. ಅವರೆಕಾಳಿನಷ್ಟು ಇತ್ತು. ನೋವಿರಲಿಲ್ಲ. ವರ್ಷದ ಮೇಲೆ ಹಾಗೇ ಇತ್ತು. ನಲವತ್ತು ದಾಟಿದ ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಬರುತ್ತದೆ, ಬರಲಿ ಎಂದು ಬಿಟ್ಟಿದ್ದೆ. ಮುಟ್ಟು ಆಗೊಮ್ಮೆ ಈಗೊಮ್ಮೆ ತಪ್ಪಲು ಶುರುವಾಗಿತ್ತು. ಇದೂ ಅದಕ್ಕೇ ಸೇರಿದ್ದಿರಬೇಕು ಎಂದುಕೊಂಡಿದ್ದೆ.

ಕಳೆದ ವರ್ಷ ಬೇಸಿಗೆಯಲ್ಲಿ, ಒಂದು ಸೋಮವಾರ, ಕಂಪನಿ ಬಸ್ಸಿನಲ್ಲಿ ಕೂತಾಗ ಏನೋ ಚುಚ್ಚಿದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಸ್ಟೂಲಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂರುತ್ತಿದ್ದೆ. ಮಾರನೆಯ ದಿನ ಗಂಟು ನಿಂಬೆಹಣ್ಣಿನಷ್ಟಾಗಿತ್ತು, ಮುಟ್ಟಿದರೆ ಬಿಸಿ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೆ. ಯಾಕೆ ನಿಂತಿದ್ದೀರಿ ಎಂದು ಡ್ರೈವರ್ ಕೇಳಿದರು. ಕೂತು ಕೂತು ಬೆನ್ನು ಹಿಡಿದುಕೊಂಡಿದೆ ಎಂದೆ. ಆಮೇಲೆ ಕಾರ್ಖಾನೆಯಲ್ಲಿ ಎಲ್ಲರಿಗೂ ಅದನ್ನೇ ಹೇಳಿದೆ.

ಸಂಜೆ ಮೆಡಿಕಲ್ ಸ್ಟೋರಿಗೆ ಹೋದೆ. ನಾಲ್ಕು ಜನ ಗಂಡಸರು ನಿಂತಿದ್ದರು. ಅವರು ಹೋಗಲಿ ಎಂದು ಶಾಂಪೂ ಬಾಟಲಿ ನೋಡುತ್ತ ನಿಂತೆ. ಅವರು ಹೋಗುವಷ್ಟರಲ್ಲಿ ಮತ್ತಿಬ್ಬರು ಬಂದರು. ಕೊನೆಗೆ ಕುರುವಿಗೆ ಏನಾದರೂ ಕೊಡಿ ಎಂದೆ. ಎಲ್ಲಿ ಎಂದು ಅಂಗಡಿಯವರು ಕೇಳಿದರು. ತೊಡೆ ಮೇಲೆ ಎಂದೆ. ಅವರು ಕೊಟ್ಟ ಮುಲಾಮು ತೊಡೆಗೇನೋ ಸರಿಹೋಗುತ್ತಿತ್ತು.

ಅತ್ತೆ ನನ್ನ ನಡಿಗೆ ನೋಡಿಯೇ ಹಿಡಿದರು. ಯಾಕೆ ಕಾಲು ಅಗಲಿಸಿಕೊಂಡು ನಡೆಯುತ್ತೀಯ ಎಂದು ಕೇಳಿದಾಗ, ಉಷ್ಣ ಆಗಿದೆ ಎಂದು ಹೇಳಿದೆ. ಮೆಂತ್ಯ ನೆನೆಸಿದ ನೀರು ಕುಡಿಸಿದರು, ಎಳನೀರು ತರಿಸಿದರು. ಬಾವು ಇಳಿಯಲಿಲ್ಲ. ಮೂರನೆಯ ದಿನ ಜ್ವರ ಬಂತು. ಕಾರ್ಖಾನೆಗೆ ರಜೆ ಹೇಳಿ, ಒಬ್ಬಳೇ ಒಂದು ಕ್ಲಿನಿಕ್ಕಿಗೆ ಹೋದೆ.

ಅಲ್ಲಿದ್ದ ವೈದ್ಯರು ಗಂಡಸರು. ನಾನು ‘ಅಲ್ಲಿ ಬಾವು ಬಂದಿದೆ’ ಎಂದೆ. ಅವರು ಪರೀಕ್ಷೆ ಮಾಡಲಿಲ್ಲ. ನಾನೂ ಮಾಡಿ ಎನ್ನಲಿಲ್ಲ. ಬರೆಯುತ್ತಲೇ, ಯಜಮಾನರು ಏನು ಮಾಡುತ್ತಾರೆ ಎಂದು ಕೇಳಿದರು. ಲಾರಿ ಡ್ರೈವರ್ ಎಂದೆ. ‘ಹ್ಞೂಂ’ ಎಂದರು. ಆಮೇಲೆ, ಹೊರಗಡೆ ಓಡಾಡೋರು, ಅವರಿಗೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡಿ ಎಂದರು. ಅಷ್ಟೇ. ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಆ ‘ಹ್ಞೂಂ’ ನನ್ನ ಜೊತೆಗೇ ಮನೆಗೆ ಬಂತು.

ಮದುವೆಯಾಗಿ ಇಪ್ಪತ್ತು ವರ್ಷ ದಾಟಿದೆ. ನಾಗೇಶ್ ಮಾತು ಕಡಿಮೆ. ಊಟದ ಹೊತ್ತಿಗೆ ಎಲ್ಲಿದ್ದರೂ ಫೋನು ಮಾಡುತ್ತಾರೆ. ಏನು ಸಾರು ಎಂದು ಕೇಳಿ ಇಟ್ಟುಬಿಡುತ್ತಾರೆ. ವಾಪಸು ಬರುವಾಗ ಹೊಸೂರಿನಲ್ಲಿ ಮಲ್ಲಿಗೆ ತೆಗೆದುಕೊಂಡು ಬಂದು, ಕೈಗೆ ಕೊಡುವುದಕ್ಕೆ ನಾಚಿಕೆಯಾಗಿ ಫ್ರಿಜ್ಜಿನ ಮೇಲೆ ಇಟ್ಟು ಕಾಲು ತೊಳೆಯಲು ಹೋಗುತ್ತಾರೆ. ಇಷ್ಟು ವರ್ಷ ಆ ಹೂವಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಈಗ ಮಲಗಿಕೊಂಡು ಅದನ್ನೇ ಯೋಚಿಸಿದೆ. ಯಾಕೆ ಪ್ರತಿ ಸಲವೂ ತರುತ್ತಾರೆ? ದಾರಿಯಲ್ಲಿ ಎಲ್ಲಿ ಮಲಗುತ್ತಾರೆ? ಜೊತೆಗೆ ಯಾರಿರುತ್ತಾರೆ? ಮೈಯಲ್ಲಿ ಜ್ವರ ಇದ್ದಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಅವರು ಊಟದ ಹೊತ್ತಿಗೆ ಫೋನು ಮಾಡಿದರೆ, ಸೊಪ್ಪಿನ ಸಾರು ಎಂದು ಹೇಳಿ ಇಟ್ಟೆ. ಅವರು ಬರುವವರೆಗೂ ಬಾವಿನ ವಿಷಯ ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಂದರು. ಕೈಕಾಲು ತೊಳೆದು ಕಾಫಿ ಹಿಡಿದು ಕೂತರು. ಅತ್ತೆ ಹಿತ್ತಲಲ್ಲಿದ್ದರು, ಮಗಳು ಕಾಲೇಜಿಗೆ ಹೋಗಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ನಿಂತಲ್ಲಿಂದಲೇ ಕೇಳಿದೆ.

“ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೊರಗಡೆ ಯಾರತ್ರನಾದ್ರೂ ಹೋಗಿದ್ರಾ?”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಬಾವು, ಜ್ವರ, ಕ್ಲಿನಿಕ್ಕಿನವರು ಹೇಳಿದ ಮಾತು, ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಲೋಟ ಕೆಳಗಿಟ್ಟರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ.

“ನೋವು ಎಷ್ಟೈತೆ?” ಎಂದರು.

ಕೂರಕ್ಕಾಗ್ತಿಲ್ಲ ಎಂದೆ. ಎದ್ದು ಅಂಗಿ ಹಾಕಿಕೊಂಡರು. ಸ್ನೇಹಿತರೊಬ್ಬರ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿದರು. ರಾಮನಗರದಲ್ಲಿ ಹೆಂಗಸರಿಗೆ ಹೆಂಗಸು ಡಾಕ್ಟರೇ ನೋಡುವ ಒಂದು ನರ್ಸಿಂಗ್ ಹೋಂ ಇದೆ ಎಂದು ಯಾರನ್ನೋ ಕೇಳಿಕೊಂಡು ಬಂದಿದ್ದರು. ಹಿಂದಿನ ಸೀಟಿನಲ್ಲಿ ನಾನು ಬಲಮಗ್ಗುಲಾಗಿ ಮಲಗಿದೆ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಪದ. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ‘ಹಂಪು’ ಎಂದು ಮೊದಲೇ ಹೇಳಿ, ಗಾಡಿಯನ್ನು ಇರುವೆಯ ಹಾಗೆ ಹತ್ತಿಸಿ ಇಳಿಸುತ್ತಿದ್ದರು. ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ನನ್ನ ಪ್ರಶ್ನೆಗೆ ಉತ್ತರ ಇನ್ನೂ ಬಂದಿರಲಿಲ್ಲ.

ಆ ನರ್ಸಿಂಗ್ ಹೋಮಿನಲ್ಲಿ ಕಾಯುವ ಜಾಗದ ತುಂಬ ಬಸುರಿಯರು, ಅವರ ತಾಯಂದಿರು. ನಾನು ಗೋಡೆ ಪಕ್ಕ ನಿಂತೆ. ಕೂತ್ಕೊಳ್ಳಿ ಎಂದು ಒಬ್ಬರಾದ ಮೇಲೊಬ್ಬರು ಜಾಗ ಬಿಟ್ಟರು. ದಿನ ತುಂಬಿದ ಒಬ್ಬ ಹುಡುಗಿ, ಹೊಟ್ಟೆ ಹಿಡಿದುಕೊಂಡು ಕಷ್ಟಪಟ್ಟು ಎದ್ದು ನಿಂತು, ನೀವು ಕೂತ್ಕೊಳ್ಳಿ ಆಂಟಿ ಎಂದಳು. ಬೇಡ ಎಂದೆ. ಅವಳೂ ಹಟ ಬಿಡಲಿಲ್ಲ. ಕೊನೆಗೆ ಆ ಕುರ್ಚಿ ಖಾಲಿ, ಅದರ ಆ ಕಡೆ ಅವಳು, ಈ ಕಡೆ ನಾನು, ಇಬ್ಬರೂ ನಿಂತಿದ್ದೆವು.

ನೋಂದಣಿಯ ಮೇಜಿನ ಹತ್ತಿರ ನರ್ಸಮ್ಮ ಎಲ್ಲರಿಗೂ ಕೇಳಿಸುವ ಹಾಗೆ ಏನು ತೊಂದರೆ ಎಂದು ಕೇಳುತ್ತಿದ್ದರು. ನನ್ನ ಸರದಿ ಬಂತು. ಬಗ್ಗಿ ಅವರ ಕಿವಿಗೆ ಹೇಳಿದೆ. ಅವರು ನನ್ನ ಮುಖ ನೋಡಿ, ಪೆನ್ನು ಇಟ್ಟು, ಸರದಿ ಗಿರದಿ ನೋಡದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಪರದೆ ಎಳೆದು, ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ, “ಇಲ್ಲಿ ಯಾರೂ ಬರಲ್ಲ ಅಕ್ಕ, ಅಳ್ಬೇಕು ಅಂದ್ರೆ ಅತ್ಬುಡಿ” ಎಂದರು. ನಾನು ಅಳಬೇಕೆಂದುಕೊಂಡಿರಲಿಲ್ಲ. ಆದರೆ ಅತ್ತುಬಿಟ್ಟೆ.

ಡಾಕ್ಟರು ನನಗಿಂತ ಚಿಕ್ಕವರು. ಕೈಗವಸು ಹಾಕಿಕೊಂಡು, ಮುಟ್ಟುವ ಮುಂಚೆ ಮುಟ್ಟುತ್ತೇನೆ ಎಂದು ಹೇಳಿಯೇ ಮುಟ್ಟಿದರು. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಎದ್ದ ಮೇಲೆ ಎರಡು ಬೆರಳನ್ನು ಜೋಡಿಸಿ ತೋರಿಸಿ ಹೇಳಿದರು. ಹೆರಿಗೆಯಾಗುವ ದಾರಿಯ ಬಾಗಿಲಿನ ಎರಡೂ ಪಕ್ಕ, ಒಳಗಡೆ, ಒಂದೊಂದು ಗ್ರಂಥಿ ಇರುತ್ತದೆ. ಕಾಳಿನಷ್ಟು ಚಿಕ್ಕದು. ಹೆಸರು ಬಾರ್ಥೊಲಿನ್ ಗ್ರಂಥಿ. ಆ ಜಾಗ ಒಣಗದ ಹಾಗೆ ತೇವ ಕೊಡುವುದು ಅದರ ಕೆಲಸ. ಅದರ ಸಣ್ಣ ಕೊಳವೆಯ ಬಾಯಿ ಕಟ್ಟಿಕೊಂಡರೆ ನೀರು ಒಳಗೇ ನಿಂತು ಗಂಟಾಗುತ್ತದೆ. ಅದಕ್ಕೆ ಕ್ರಿಮಿ ಸೇರಿದರೆ ಕೀವು. ನಿಮಗೆ ಆಗಿರುವುದು ಇಷ್ಟೇ ಎಂದರು.

“ಎಲ್ರಿಗೂ ಇರುತ್ತಾ ಮೇಡಂ ಇದು?” ಎಂದೆ.

ಎಲ್ಲ ಹೆಂಗಸರಿಗೂ ಇರುತ್ತದೆ, ನನಗೂ ಇದೆ ಎಂದರು. ಒಂದು ಮಗು ಹೆತ್ತಿದ್ದೇನೆ, ನಲವತ್ಮೂರು ವರ್ಷ ಈ ಮೈಯಲ್ಲೇ ಬದುಕಿದ್ದೇನೆ, ಆದರೆ ಇದು ನನ್ನೊಳಗಿದೆ ಎಂದು ಅವತ್ತೇ ಗೊತ್ತಾದದ್ದು. ಹೆಸರು ಯಾವುದೋ ಪರದೇಶದ್ದು. ಆದರೂ ಒಂದು ಹೆಸರು ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಬರೀ ಕುಯ್ದು ಕೀವು ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ, ಆದ್ದರಿಂದ ಬಾಯಿ ತೆರೆದೇ ಇರುವ ಹಾಗೆ ಅಂಚು ಮಡಿಸಿ ಹೊಲಿಯುತ್ತೇನೆ ಎಂದರು. ಅದಕ್ಕೆ ಸೊಂಟದಲ್ಲಿ ಇಂಜೆಕ್ಷನ್ ಕೊಟ್ಟು ಮಾಡುವ ಚಿಕ್ಕ ಆಪರೇಷನ್. ಜೊತೆಗೆ ಇನ್ನೊಂದು ಮಾತು. ನಲವತ್ತರ ಮೇಲಿನವರಲ್ಲಿ ಈ ಗಂಟು ಬಂದರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ. ಕೆಟ್ಟದ್ದು ಇರುವುದು ಬಹಳ ಅಪರೂಪ, ಆದರೂ ನೋಡಬೇಕು.

ನಾಗೇಶರನ್ನು ಒಳಗೆ ಕರೆಸಿದರು. ಅವರಿಗೂ ಇದನ್ನೇ ಹೇಳಿದರು. ಅವರು ಬಾಗಿಲ ಹತ್ತಿರವೇ ನಿಂತು, ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು. ಆಮೇಲೆ ಕೇಳಿದರು.

“ಮೇಡಂ, ಇದು ನನ್ನಿಂದ ಬಂದಿರ್ಬೋದಾ?”

ನಾನು ನೆಲ ನೋಡಿದೆ. ಡಾಕ್ಟರು ಆ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುವವರ ಹಾಗೆ ಉತ್ತರ ಕೊಟ್ಟರು. ಒಮ್ಮೊಮ್ಮೆ ಹಾಗೂ ಬರುತ್ತದೆ, ಆದರೆ ಬಹಳ ಸಲ ನಮ್ಮ ಮೈಯಲ್ಲೇ ಇರುವ ಸಾಧಾರಣ ಕ್ರಿಮಿಯಿಂದ ಆಗುತ್ತದೆ. ಕೀವನ್ನು ಪರೀಕ್ಷೆಗೆ ಕಳಿಸುತ್ತೇನೆ, ಗೊತ್ತಾಗುತ್ತದೆ. ಗಂಡನ ಮೇಲೆ ಅನುಮಾನ ಪಡುವ ಅಗತ್ಯ ಈಗೇನೂ ಇಲ್ಲ ಎಂದರು.

“ಅಗತ್ಯ ಇಲ್ದಿದ್ರೂ ನಂಗೂ ಎಲ್ಲಾ ಟೆಸ್ಟ್ ಮಾಡ್ಬುಡಿ ಮೇಡಂ,” ಎಂದರು. “ನಾನ್ ಬಾಯಲ್ಲಿ ಹೇಳುದ್ರೆ ಅದು ಮಾತಾಯ್ತದೆ. ರಕ್ತ ಟೆಸ್ಟಿಗೆ ಕೊಟ್ರೆ ಇವ್ಳು ನೆಮ್ಮದಿಯಾಗಿ ಆಪರೇಷನ್ ಮಾಡುಸ್ಕೋತಾಳೆ.”

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಏನೂ ಕೇಳದೆ ಚೀಟಿ ಬರೆದುಕೊಟ್ಟರು. ನಾಗೇಶ್ ಅಂಗಿ ತೋಳು ಮಡಿಸುತ್ತ ರಕ್ತ ಕೊಡಲು ಹೋದರು. ಅವರ ಬೆನ್ನು ನೋಡುತ್ತ ನನಗೆ ಸಮಾಧಾನವೂ ಆಯಿತು, ಅವಮಾನವೂ ಆಯಿತು. ಯಾವುದು ಎಷ್ಟು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಅವತ್ತೇ ಸಂಜೆ ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಮೈ ಯಾರದೋ ಅನ್ನುವ ಹಾಗಾಯಿತು. ಅರಿವಳಿಕೆ ಕೊಟ್ಟ ಡಾಕ್ಟರು ನನ್ನ ತಲೆ ಹತ್ತಿರ ನಿಂತು, ಕನಕಪುರದಲ್ಲಿ ಎಲ್ಲಿ ಮನೆ, ಮಗಳು ಏನು ಓದುತ್ತಿದ್ದಾಳೆ ಎಂದು ಮಾತಾಡಿಸುತ್ತಿದ್ದರು. ಮಾತು ಮುಗಿಯುವ ಮೊದಲೇ ಆಪರೇಷನ್ ಮುಗಿದಿತ್ತು. ಅರಿವಳಿಕೆ ಇಳಿದ ಮೇಲೆ ಹೊಲಿಗೆ ಉರಿಯುತ್ತಿತ್ತು. ಆದರೆ ಅಷ್ಟು ದಿನ ಮಿಡಿಯುತ್ತಿದ್ದ ಆ ನೋವು ಇರಲಿಲ್ಲ. ಅದು ಹೋದಾಗಲೇ ಅದು ಎಷ್ಟಿತ್ತೆಂದು ಗೊತ್ತಾದದ್ದು. ಬೆಳಿಗ್ಗೆ ಅದೇ ನರ್ಸಮ್ಮ ಇಡ್ಲಿ ತಂದುಕೊಟ್ಟು, ದಿಂಬಿನ ಮೇಲೆ ಒರಗಿಸಿ ಕೂರಿಸಿದರು. ಕೂತು ತಿಂದೆ.

ಮನೆಗೆ ಬಂದಾಗ ಅತ್ತೆ ಬೀದಿಗೆಲ್ಲ ಸುದ್ದಿ ಕೊಟ್ಟಾಗಿತ್ತು. ನನಗೆ ಗರ್ಭಕೋಶದ ಆಪರೇಷನ್ ಆಗಿದೆಯಂತೆ. ಅತ್ತೆಗೆ ಗೊತ್ತಿದ್ದ ಹತ್ತಿರದ ಪದ ಅದೇ. ಗರ್ಭಕೋಶ ತೆಗೆಸಿದ್ದು ಎಂದರೆ ಯಾರಿಗೂ ಮುಜುಗರವಿಲ್ಲ. ಬೀದಿಯಲ್ಲಿ ಮನೆಗೊಬ್ಬರು ತೆಗೆಸಿದ್ದಾರೆ. ಎಲ್ಲರೂ ಬಂದು, ಬಿಂದಿಗೆ ಎತ್ತಬೇಡ, ಸೊಂಟಕ್ಕೆ ಬೆಲ್ಟ್ ಹಾಕಿಕೋ ಎಂದು ಬುದ್ಧಿ ಹೇಳಿ ಹೋದರು. ನಾನು ಹ್ಞೂಂ ಎಂದೆ. ಇರುವ ಗರ್ಭಕೋಶ ಇಟ್ಟುಕೊಂಡೇ ಅಷ್ಟೂ ಜನರ ಕನಿಕರ ತೆಗೆದುಕೊಂಡೆ.

ಅವರೆಲ್ಲ ಹೋದ ಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜವಾಗಿ ಆದದ್ದನ್ನು ಹೇಳಿದೆ. ಡಾಕ್ಟರು ತೋರಿಸಿದ ಹಾಗೇ ಎರಡು ಬೆರಳು ಜೋಡಿಸಿ ತೋರಿಸಿದೆ. ಅತ್ತೆ ನಗುತ್ತಾರೆ ಅಥವಾ ಛೀ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಗಮನವಿಟ್ಟು ಕೇಳಿದರು. ತಮ್ಮ ಕಾಲದಲ್ಲಿ ಊರಲ್ಲಿ ಒಬ್ಬಾಕೆಗೆ ಹೀಗೇ ಬಂದಿತ್ತು, ಅವಳು ಈರುಳ್ಳಿ ಸುಟ್ಟು ಕಟ್ಟಿ ಕಟ್ಟಿ, ಒಡೆಯುವವರೆಗೂ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಲೇ ಇದ್ದಳು, ಯಾರಿಗೂ ಹೇಳಲಿಲ್ಲ ಎಂದರು. ನಾನೂ ಹೇಳಲು ನಾಚಿಕೆಪಟ್ಟೆ ಎಂದಾಗ, ಒಂದು ಮಾತು ಹೇಳಿದರು.

“ಅದೂ ಮೈಯೇ ಕಣವ್ವ. ಕೈಗೊಂದ್ ನ್ಯಾಯ, ಅದಕ್ಕೊಂದ್ ನ್ಯಾಯ ಐತಾ?”

ದಿನಕ್ಕೆ ಮೂರು ಹೊತ್ತು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಬೇಕೆಂದು ಹೇಳಿದ್ದರು. ನಾಗೇಶ್ ಹತ್ತು ದಿನ ಗಾಡಿ ಬೇರೆಯವರಿಗೆ ಒಪ್ಪಿಸಿ ಮನೆಯಲ್ಲಿದ್ದರು. ನೀರು ಕಾಯಿಸಿ, ಟಬ್ಬಿಗೆ ಸುರಿದು, ಮಗುವಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ನೋಡಿ, ಬಚ್ಚಲ ಬಾಗಿಲು ಎಳೆದುಕೊಂಡು ಹೊರಗೆ ಹೋಗುತ್ತಿದ್ದರು. ನಾನು ಕೂತಿದ್ದಷ್ಟು ಹೊತ್ತೂ ಬಾಗಿಲ ಆಚೆ ಅವರ ಕೆಮ್ಮು ಕೇಳಿಸುತ್ತಿತ್ತು. ಕೆಲಸವೆಲ್ಲ ಮಾಡುತ್ತಿದ್ದರು, ಮಾತು ಮಾತ್ರ ಇನ್ನೂ ಕಡಿಮೆಯಾಗಿತ್ತು. ನನಗೋ ಎರಡು ಚಿಂತೆ. ಬಯಾಪ್ಸಿ ಒಂದು, ಇವರ ಮೌನ ಒಂದು. ಬಯಾಪ್ಸಿ ಎಂಬ ಪದ ಹೇಗೋ ಅತ್ತೆಯ ಕಿವಿಗೂ ಬಿದ್ದಿತ್ತು. ಅವರು ಸಂಜೆ ಸೀರಿಯಲ್ ನೋಡುವುದು ಬಿಟ್ಟರು. ಮನೆದೇವರಿಗೆ ಏನೋ ಹರಕೆ ಹೊತ್ತರು, ಏನೆಂದು ಇವತ್ತಿಗೂ ಹೇಳಿಲ್ಲ.

ಭಯ ಬರುತ್ತಿದ್ದದ್ದು ಮಧ್ಯಾಹ್ನ, ಮನೆ ಸುಮ್ಮನಾದಾಗ. ಅಪರೂಪ ಎಂದರೆ ಇಲ್ಲ ಎಂದಲ್ಲವಲ್ಲ. ಯಾರಿಗೋ ಬಂದೇ ಅದು ಅಪರೂಪವಾಗಿರುವುದು. ಮಗಳ ಓದು ಎಲ್ಲಿಗೆ ಬಂದಿದೆ, ಅತ್ತೆಯನ್ನು ಯಾರು ನೋಡುತ್ತಾರೆ ಎಂದು ಒಂದೊಂದಾಗಿ ಯೋಚಿಸುತ್ತಿದ್ದೆ. ಅಳು ಬರುತ್ತಿರಲಿಲ್ಲ. ಮನೆಗೆ ಬೀಗ ಹಾಕುವ ಮುಂಚೆ ಕಿಟಕಿ ನೋಡಿಕೊಂಡು ಬರುವ ಹಾಗೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ರಿಪೋರ್ಟು ಬಂದಿದೆ ಎಂದು ಫೋನು ಬಂದ ದಿನ ಅದೇ ಕಾರಿನಲ್ಲಿ ಹೋದೆವು. ಈ ಸಲ ನಾನು ಮುಂದಿನ ಸೀಟಿನಲ್ಲಿ, ಮೆತ್ತೆಯ ಮೇಲೆ ಕೂತಿದ್ದೆ. ನರ್ಸಿಂಗ್ ಹೋಮಿನ ಮುಂದೆ ಗಾಡಿ ನಿಲ್ಲಿಸಿದರು. ಬಾಗಿಲು ತೆಗೆಯಲು ಹೋದವಳು ಹಾಗೇ ಕೂತೆ. ಒಳಗೆ ಏನು ಕಾದಿದೆಯೋ, ಅದಕ್ಕೆ ಮುಂಚೆ ಇದೊಂದು ಮುಗಿಯಲಿ ಅನ್ನಿಸಿತು. ನಾನು ಹಾಗೆ ಕೇಳಿದ್ದು ನಿಮಗೆ ನೋವಾಯಿತಾ ಎಂದೆ.

ಅವರು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದರು.

“ಕೇಳಿದ್ದೇನ್ ತಪ್ಪಿಲ್ಲ. ನಿನ್ ಜಾಗದಲ್ಲಿ ನಾನಿದ್ದಿದ್ರೂ ಕೇಳ್ತಿದ್ದೆ. ಆದ್ರೆ ಅಷ್ಟ್ ದಿನ ಫೋನಲ್ಲಿ ಸೊಪ್ಪಿನ ಸಾರು ಅಂತ ಹೇಳ್ಕೊಂಡು, ಆ ನೋವೂ ಈ ಅನುಮಾನನೂ ಎಲ್ಡೂ ನೀನೊಬ್ಳೇ ಇಟ್ಕೊಂಡಿದ್ಯಲ್ಲ. ನಾನಿದ್ದು ಏನ್ ಬಂತು ಅನ್ನುಸ್ತು.”

ಇನ್ನು ಮೇಲೆ ಹೇಳ್ತೀನಿ ಎಂದೆ. ಆಯ್ತು, ಇಳಿ ಎಂದರು.

ಡಾಕ್ಟರು ಕೂರಲು ಹೇಳುವ ಮೊದಲೇ “ಏನೂ ಇಲ್ಲ, ಚೆನ್ನಾಗಿದೆ” ಎಂದರು. ಆಮೇಲೆ ವಿವರ ಹೇಳಿದರು. ಬಯಾಪ್ಸಿಗೆ ಕಳಿಸಿದ ಚೂರಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಕೀವಿನಲ್ಲಿ ಸಿಕ್ಕಿದ್ದು ಎಲ್ಲರ ಹೊಟ್ಟೆಯಲ್ಲೂ ಇರುವ ಸಾಮಾನ್ಯ ಕ್ರಿಮಿ. ನಾಗೇಶರ ರಕ್ತದಲ್ಲೂ ಏನಿಲ್ಲ. ನಾಗೇಶ್ ಅದನ್ನು ಕೇಳಿ ಸುಮ್ಮನೆ ತಲೆಯಾಡಿಸಿದರು. ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ, “ಏನೂ ಇಲ್ವಂತೆ, ಸೀರಿಯಲ್ ನೋಡವ್ವ” ಎಂದರು.

ವರ್ಷವಾಗುತ್ತ ಬಂತು. ಗಂಟು ಮತ್ತೆ ಬಂದಿಲ್ಲ. ಬರಬಹುದು ಎಂದೂ ಹೇಳಿದ್ದಾರೆ. ಬಂದರೆ ಎಲ್ಲಿಗೆ ಹೋಗಬೇಕು, ಏನೆಂದು ಹೇಳಬೇಕು ಎಂಬುದು ಗೊತ್ತಿದೆ.

ಆಗ ರಜೆ ಮುಗಿಸಿ ಕೆಲಸಕ್ಕೆ ವಾಪಸು ಹೋದ ವಾರ, ಟೀ ಹೊತ್ತಿನಲ್ಲಿ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ ಎಲ್ಲರೂ ಬೆನ್ನು ಹೇಗಿದೆ ಎಂದು ಕೇಳಿದರು. ಒಬ್ಬಳು ಬೆನ್ನಿಗೆ ಹಚ್ಚುವ ಎಣ್ಣೆ ತಂದಿದ್ದಳು. ಆ ಶೀಶೆ ಕೈಗೆ ತೆಗೆದುಕೊಂಡೆ. ಸುಳ್ಳು ಮುಂದುವರಿಸಲು ಮನಸ್ಸಾಗಲಿಲ್ಲ. ಬೆನ್ನಲ್ಲ ಕಣ್ರೇ ಎಂದು ಶುರುಮಾಡಿ, ಎಲ್ಲಿ, ಏನು, ಅದರ ಹೆಸರೇನು, ಎಲ್ಲ ಹೇಳಿದೆ. ಎಲ್ಲ ಹೆಂಗಸರಿಗೂ ಎರಡಿರುತ್ತವಂತೆ ಎಂದು ಬೆರಳು ಜೋಡಿಸಿ ತೋರಿಸಿದೆ. ಒಬ್ಬಳು ನಕ್ಕಳು, ಇನ್ನೊಬ್ಬಳು ಅಯ್ಯೋ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಲೋಟ ತೊಳೆದಿಟ್ಟು ಎಲ್ಲರೂ ಹೊರಟರು.

ಪ್ಯಾಕಿಂಗ್ ವಿಭಾಗದ ಗೌರಿ ಮಾತ್ರ ಲೋಟವನ್ನು ತೊಳೆಯುತ್ತಲೇ ಇದ್ದಳು. ಮದುವೆಯಾಗಿ ಆಗಿನ್ನೂ ವರ್ಷವಾಗಿದ್ದ ಹುಡುಗಿ. ನನ್ನ ಜೊತೆ ಅವಳು ಹೆಚ್ಚು ಮಾತಾಡಿದ್ದೇ ಇರಲಿಲ್ಲ. ಕೊನೆಯವಳು ಆಚೆ ಹೋದ ಮೇಲೆ ನಲ್ಲಿ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ.

“ಅಕ್ಕ, ನಿಮ್ಗೆ ಯಾವ್ ಕಡೆ ಬಂದಿತ್ತು?” ಎಂದಳು.

ಎಡಗಡೆ ಎಂದೆ.

“ನಂಗೆ ಬಲಗಡೆ,” ಎಂದಳು.